ಎಡಗೈಯಲ್ಲಿ ಹರಿದ ಟಿಕೆಟ್

ಜನವರಿ 18, ಭಾನುವಾರ

ಅಣ್ಣಾ,

ತಡವಾಯಿತೆಂದು ಬೈಯಬೇಡ. ಫೋನ್ ಹಿಡಿಯದ, ವಾರಕ್ಕೊಮ್ಮೆ ಸಾಮಾನಿನ ಗಾಡಿಯಲ್ಲಿ ಅಂಚೆ ಬರುವ ಸುರಂಗದ ಕೆಲಸವನ್ನು ಹುಡುಕಿಕೊಂಡು ಹೋದವನು ನೀನು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ನಾನು ಇಲ್ಲಿ ಕೂತು ಪೆನ್ನು ಕಚ್ಚಬೇಕಾಗಿದೆ.

ನಿನ್ನ ಹೀರೋನ ಚಿತ್ರದ ಎರಡನೇ ಭಾಗ ಗುರುವಾರ ಬಿಡುಗಡೆಯಾಯಿತು. ನಮ್ಮ ಟಾಕೀಸಿನಲ್ಲಿ ದಿನಕ್ಕೆ ಅದರದ್ದೇ ಮೂರು ಆಟ. ಗೇಟಿನಲ್ಲಿ ಟಿಕೆಟ್ ಹರಿಯುವವಳಾದ್ದರಿಂದ ಕೊನೆಯ ಸಾಲಿನ ಮೂಲೆಯಲ್ಲಿ ನಿಂತು ಎರಡು ಸಲ ನೋಡಿದೆ. ಸುಳ್ಳು ಹೇಳದೆ ಬರೆ ಎಂದು ನೀನೇ ಕೇಳಿದ್ದೀಯ. ಆಮೇಲೆ ಮುಖ ಊದಿಸಿಕೊಳ್ಳಬೇಡ.

ಚೆನ್ನಾಗಿಲ್ಲ.

ಮೊದಲ ಭಾಗವನ್ನು ನಾವಿಬ್ಬರೂ ಹನ್ನೊಂದು ಸಲ ನೋಡಿದ್ದೆವು. ನಿಮ್ಮ ಅಭಿಮಾನಿ ಸಂಘದವರು ‘ಧಣಿ’ ಎಂದು ಕರೆಯುವ ಹೀರೋ ಅದರಲ್ಲಿ ಬೀಗ ರಿಪೇರಿಯವನು. ಕಳ್ಳರ ಮನೆಯ ಬೀಗ ತೆಗೆಯುವಾಗ ಅವನ ಕೈ ನಡುಗಿ ಬೀಗದಕೈ ಕೆಳಗೆ ಬೀಳುತ್ತದಲ್ಲ, ಅಲ್ಲಿ ಪ್ರತಿ ಸಲವೂ ನೀನು ನನ್ನ ತೋಳು ಹಿಂಡಿ ಕೆಂಪು ಮಾಡುತ್ತಿದ್ದೆ. ಎರಡನೇ ಭಾಗದಲ್ಲಿ ಅವನ ಕೈ ನಡುಗುವುದೇ ಇಲ್ಲ. ಅವನು ನಿಧಾನವಾಗಿ ನಡೆದು ಬರುತ್ತಾನೆ, ಎದುರಿನ ನಲವತ್ತು ಜನ ಏಟು ಬೀಳುವ ಮೊದಲೇ ಹಾರಿ ಬೀಳುತ್ತಾರೆ. ನಾಯಕಿ ಹತ್ತೇ ನಿಮಿಷದಲ್ಲಿ ಗೋಡೆಯ ಮೇಲಿನ ಫೋಟೋ ಆಗುತ್ತಾಳೆ. ಸತ್ತ ವಿಲನ್‌ಗೆ ಒಬ್ಬ ತಮ್ಮ ಇದ್ದನಂತೆ. ಕೊನೆಗೆ ಆ ತಮ್ಮನಿಗೂ ಒಬ್ಬ ತಮ್ಮ ಇದ್ದಾನೆಂದು ತೋರಿಸಿ, ‘ಭಾಗ ಮೂರು’ ಎಂದು ಬರೆದು ಮನೆಗೆ ಕಳಿಸುತ್ತಾರೆ. ಹೆದರಿಕೆಯೇ ಇಲ್ಲದವನ ಕಥೆ ಕಟ್ಟಿಕೊಂಡು ನನಗೇನಾಗಬೇಕು?

ಆ ಮೂರು ಆಟ ಬಿಟ್ಟು, ಬೆಳಗಿನ ಆಟಕ್ಕೆ ಒಂದು ಸಣ್ಣ ಚಿತ್ರ ಹಾಕಿದ್ದಾರೆ. ಬಸ್ ಓಡಿಸುವ ಹೆಂಗಸಿನ ಕಥೆ. ಇಪ್ಪತ್ತು ಜನ ಬರುತ್ತಾರೆ, ಹೊರಗೆ ಹೋಗುವಾಗ ಯಾರೂ ಮಾತಾಡುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊಸ ಮೆಷಿನ್ ಬಂದಿದೆ, ಅದು ತನಗಿಂತ ಹೆಚ್ಚು ಗೊಣಗುತ್ತದೆ ಎನ್ನುತ್ತಾಳೆ.

ನಿನ್ನ,
ಚೂಟಿ


ಜನವರಿ 24, ಶನಿವಾರ

ಕತ್ತೆ,

ಎರಡೇ ಸಲ ನೋಡಿ ತೀರ್ಪು ಕೊಡಲು ನೀನು ಯಾವ ದೊಡ್ಡ ಜಡ್ಜ್? ಮೂರನೇ ಸಲ ನೋಡು. ಮೂರನೇ ಸಲಕ್ಕೆ ಕಥೆ ಕಾಣುವುದಿಲ್ಲ, ಧಣಿ ಮಾತ್ರ ಕಾಣುತ್ತಾನೆ. ಆಗ ಚೆನ್ನಾಗಿರುತ್ತದೆ.

ನಿನ್ನ ಕಾಗದವನ್ನು ಇಲ್ಲಿ ಗಟ್ಟಿಯಾಗಿ ಓದಿದೆ. ‘ತಮ್ಮನಿಗೂ ಒಬ್ಬ ತಮ್ಮ’ ಎಂದಾಗ ಕ್ರೇನ್ ಓಡಿಸುವವನು ಊಟದ ತಟ್ಟೆ ಬಿಟ್ಟು ನಕ್ಕ. ನನಗೂ ನಗು ಬಂತು. ಆದರೆ ಊರಿನಲ್ಲಿ ಈ ಮಾತನ್ನು ಗಟ್ಟಿಯಾಗಿ ಆಡಬೇಡ. ಪರೀಕ್ಷೆಯಲ್ಲಿ ಮೇಷ್ಟ್ರೇ ಉತ್ತರ ಹೇಳಿಕೊಟ್ಟರೆಂದು ತಪಾಸಣೆಗೆ ಬಂದ ಸಾಹೇಬರ ಮುಂದೆ ಎದ್ದು ನಿಂತು ಹೇಳಿ ಶಾಲೆ ಬಿಟ್ಟವಳು ನೀನು. ಎರಡು ವರ್ಷದಲ್ಲಿ ಇದು ನಿನ್ನ ನಾಲ್ಕನೇ ಕೆಲಸ. ಇದಾದರೂ ಉಳಿಯಲಿ.

ಸಂಘದ ಅಧ್ಯಕ್ಷ ಸಿಕ್ಕಿದರೆ ನನ್ನ ವಿಷಯ ಮಾತಾಡಬೇಡ. ಬೋರ್ಡ್ ಮಾಮನ ಕೈ ಹೇಗಿದೆ?

ಅಣ್ಣ


ಫೆಬ್ರವರಿ 3, ಮಂಗಳವಾರ

ಅಣ್ಣಾ,

ಬೋರ್ಡ್ ಮಾಮನ ಕೈಯನ್ನು ಪ್ರತಿ ಕಾಗದದಲ್ಲೂ ಕೇಳುತ್ತೀಯ. ಹಾಗೇ ಇದೆ. ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಟಾಕೀಸಿನ ಬೋರ್ಡಿನ ಮೇಲೆ ಎಡಗೈಯಲ್ಲಿ ಚಿತ್ರದ ಹೆಸರು ಬರೆಯುವುದನ್ನು ಕಲಿತಿದ್ದಾರೆ. ‘ನೋಡು ಚೂಟಿ, ಈ ಟಾಕೀಸಲ್ಲಿ ಎಡಚರು ನಾವಿಬ್ರೇ’ ಎಂದು ನಗುತ್ತಾರೆ.

ಪ್ರಶಸ್ತಿಗಳ ಕಾಲ ಶುರುವಾಗಿದೆ. ವರ್ಷವೆಲ್ಲ ಕಾರಿನ ಗಾಜು ಇಳಿಸದ ನಟರು ಈಗ ಸಂದರ್ಶನಗಳಲ್ಲಿ ಬಾಲ್ಯದ ಬಡತನ ನೆನೆದು ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಪ್ರೇಕ್ಷಕರ ಪ್ರಶಸ್ತಿಗೆ ನಮ್ಮ ಟಾಕೀಸಿನಲ್ಲೂ ಒಂದು ತಗಡಿನ ಪೆಟ್ಟಿಗೆ ಇಟ್ಟಿದ್ದಾರೆ. ನಾಲ್ಕು ವಾರ ಮತ ಹಾಕಬಹುದು. ಆಟ ನೋಡಿ ಹೊರಗೆ ಬರುವಾಗ ಜನ ತಮ್ಮ ಟಿಕೆಟಿನ ಅರ್ಧದ ಹಿಂದೆ ಚಿತ್ರದ ಹೆಸರು ಬರೆದು ಹಾಕಬೇಕು. ಭಾನುವಾರ ಮಧ್ಯಾಹ್ನ ಪೆಟ್ಟಿಗೆಯನ್ನು ಚೀಲಕ್ಕೆ ಸುರಿದು ಮೊಹರು ಮಾಡುತ್ತಾರೆ. ಕೊನೆಯಲ್ಲಿ ಎಣಿಸಿ, ಇವೆಲ್ಲ ಗೇಟಿನಲ್ಲಿ ಹರಿಸಿಕೊಂಡು ಒಳಗೆ ಹೋದವರ ಟಿಕೆಟ್ಟುಗಳೇ ಎಂದು ಸಹಿ ಹಾಕಬೇಕಾದವರು ಗೇಟಿನವರು. ಅಂದರೆ ನಾನು. ನನ್ನ ಸಹಿಗೆ ಬೆಲೆ ಬಂದದ್ದು ಹುಟ್ಟಿದ ಮೇಲೆ ಇದೇ ಮೊದಲು.

ಈಗ ಕೇಳು. ಶುಕ್ರವಾರದಿಂದ ಮೂರೂ ಆಟಕ್ಕೆ ಹೌಸ್‌ಫುಲ್ ಬೋರ್ಡು ನೇತಾಡುತ್ತಿದೆ. ಒಳಗೆ ಐವತ್ತು ಜನರೂ ಇರುವುದಿಲ್ಲ. ಸಂಘದವರು ಟಿಕೆಟ್ಟುಗಳನ್ನು ಕಟ್ಟುಕಟ್ಟಾಗಿ ಕೊಳ್ಳುತ್ತಾರೆ, ನೋಡಲು ಬರುವುದಿಲ್ಲ. ಖಾಲಿ ಕುರ್ಚಿಗಳ ಮುಂದೆ ಧಣಿ ಡೈಲಾಗ್ ಹೊಡೆಯುತ್ತಾನೆ. ಮೊದಲು ನಗು ಬರುತ್ತಿತ್ತು. ಈಗ ಆ ಕತ್ತಲಲ್ಲಿ ಒಬ್ಬಳೇ ನಿಲ್ಲಲು ಒಂಥರಾ ಆಗುತ್ತದೆ.

ಭಾನುವಾರ ಪೆಟ್ಟಿಗೆ ಸುರಿದಾಗ ನೂರಕ್ಕೂ ಹೆಚ್ಚು ಟಿಕೆಟ್ ಬಿದ್ದವು. ನಾನು ಎಡಗೈಯಲ್ಲಿ ಕೆಳಕ್ಕೆ ಎಳೆದು ಹರಿಯುತ್ತೇನೆ, ಅಂಚು ಓರೆಯಾಗಿ ಕೊನೆಯಲ್ಲಿ ಸಣ್ಣ ಬಾಲ ಉಳಿಯುತ್ತದೆ. ಅವುಗಳಲ್ಲಿ ಮುಕ್ಕಾಲು ಪಾಲು ಟಿಕೆಟ್ಟುಗಳ ಅಂಚು ನೆಟ್ಟಗಿತ್ತು, ಸ್ಕೇಲ್ ಇಟ್ಟು ಹರಿದ ಹಾಗೆ. ಎಲ್ಲದರ ಹಿಂದೆಯೂ ಎರಡನೇ ಭಾಗದ ಹೆಸರು, ಒಂದೇ ಕೈಬರಹ. ಗೇಟು ದಾಟದ ಟಿಕೆಟ್ಟುಗಳು ಪೆಟ್ಟಿಗೆ ಸೇರಿವೆ.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಕ್ಯಾಂಟೀನಿನಲ್ಲಿ ಎಲ್ಲರೂ ಇದ್ದಾಗಲೇ, ‘ಇವು ನಾನು ಹರಿದಿದ್ದಲ್ಲ’ ಎಂದು ಮ್ಯಾನೇಜರ್‌ಗೆ ಹೇಳಿಬಿಟ್ಟೆ. ಅವರು ಚಹಾದ ಲೋಟ ಕೆಳಗಿಟ್ಟು ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಆದರೂ ನೋಡಿದರು.

ಚೂಟಿ


ಫೆಬ್ರವರಿ 10, ಮಂಗಳವಾರ

ಅಣ್ಣಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ನನಗೆ ಭಯವಾಗಿದೆ. ಅಮ್ಮನಿಗೆ ಹೇಳಿಲ್ಲ.

ಗುರುವಾರದಿಂದ ಒಬ್ಬ ಮನುಷ್ಯ ಪ್ರತಿ ಆಟಕ್ಕೂ ಬರುತ್ತಾನೆ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಟಿಕೆಟ್ ಚಾಚುತ್ತಾನೆ. ನಾನು ಹಿಡಿಯುತ್ತೇನೆ. ಅವನು ಬಿಡುವುದಿಲ್ಲ. ಇಬ್ಬರೂ ಒಂದೇ ಟಿಕೆಟ್ಟಿನ ಎರಡು ತುದಿ ಹಿಡಿದು ನಿಂತಿರುತ್ತೇವೆ. ಹಿಂದಿನವರು ಗೊಣಗುತ್ತಾರೆ. ಅವನು ನನ್ನ ಮುಖ ನೋಡುವುದಿಲ್ಲ, ಕೈಯನ್ನೇ ನೋಡುತ್ತಾನೆ. ಹತ್ತು ಎಣಿಸುವಷ್ಟು ಹೊತ್ತಾದ ಮೇಲೆ ಬಿಡುತ್ತಾನೆ, ಒಳಗೆ ಹೋಗದೆ ವಾಪಸ್ ಹೊರಟುಹೋಗುತ್ತಾನೆ. ಒಂದು ಮಾತು ಬೈದಿದ್ದರೂ ನಾನೂ ಬೈದು ಹಗುರಾಗುತ್ತಿದ್ದೆ.

ಶನಿವಾರ ಸೈಕಲ್ ಸ್ಟ್ಯಾಂಡಿನಲ್ಲಿ ನನ್ನ ಸೈಕಲ್ಲಿನ ಸೀಟು ಕೊಯ್ದಿತ್ತು. ಅದೂ ನೆಟ್ಟಗೆ, ಈ ತುದಿಯಿಂದ ಆ ತುದಿಗೆ.

ನಿನ್ನೆ ಮಧ್ಯಾಹ್ನ ಅಧ್ಯಕ್ಷ ಬಂದ. ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಬಹಳ ಮರ್ಯಾದೆಯಿಂದ ಮಾತಾಡಿದ.

‘ಏನಮ್ಮಾ, ಟಿಕೆಟ್ ನಾವು ತಗೊಂಡಿದೀವಿ ತಾನೆ? ಕದ್ದಿದೀವಾ?’

‘ಇಲ್ಲ.’

‘ಮತ್ತೇನು ನಿಂದು ತಕರಾರು?’

‘ತಗೊಂಡಿದೀರಿ. ನೋಡಿಲ್ಲ.’

ಅವನು ನಕ್ಕ. ‘ನಿಮ್ಮಣ್ಣ ಹೀಗಿರ್ಲಿಲ್ಲ. ಎಲ್ಲಿ ನಿಲ್ಲು ಅಂದ್ರೆ ಅಲ್ಲಿ ನಿಂತ್ಕೋತಿದ್ದ.’ ಎದ್ದು ಹೊರಡುವಾಗ ತಿರುಗಿ ಕೇಳಿದ: ‘ಅಮ್ಮಂದು ಈಗ್ಲೂ ಆಸ್ಪತ್ರೆ ಲಾಂಡ್ರೀನೇ ಅಲ್ವಾ? ಬೆಳಿಗ್ಗೆ ಆರರ ಪಾಳಿ. ಹಿಂದಿನ ಗೇಟಿಂದ ಒಬ್ರೇ ಹೋಗ್ತಾರೆ. ಹುಷಾರು ಅಂತ ಹೇಳು.’

ಆಮೇಲಿನ ಆಟದಲ್ಲಿ ನಾನು ಹರಿದ ಟಿಕೆಟ್ಟುಗಳಿಗೆ ಬಾಲವೇ ಇರಲಿಲ್ಲ, ಅಂಚೆಲ್ಲ ಚಿಂದಿಯಾಗಿತ್ತು.

ಎಣಿಕೆ ಇಪ್ಪತ್ತಮೂರಕ್ಕೆ. ಸಹಿ ಹಾಕಿದರೆ ಎಲ್ಲ ಮುಗಿಯುತ್ತದೆ. ಆದರೆ ಕಾಗದದಲ್ಲಿ ಇರುವುದು ಸುಳ್ಳು, ಅದರ ಕೆಳಗೆ ಇರಬೇಕಾದದ್ದು ನನ್ನ ಹೆಸರು. ಏನು ಮಾಡಲಿ? ನಿನಗೆ ಇವರೆಲ್ಲ ಗೊತ್ತಲ್ಲ. ಬರೀ ಬಾಯಿಮಾತಿನವರಾ, ನಿಜವಾಗಿಯೂ ಏನಾದರೂ ಮಾಡುವವರಾ?

ಚೂಟಿ


ಫೆಬ್ರವರಿ 14, ಶನಿವಾರ

ಚೂಟಿ,

ಸಹಿ ಹಾಕು. ಕಣ್ಣು ಮುಚ್ಚಿಕೊಂಡು ಹಾಕು. ಮೊದಲ ಭಾಗಕ್ಕೂ ಹೀಗೇ ಮಾಡಿದ್ದರು, ಆಗ ಗೇಟಿನಲ್ಲಿದ್ದವನು ಎರಡು ಮಾತಾಡದೆ ಸಹಿ ಹಾಕಿದ. ಯಾವನೋ ನಟನಿಗೆ ಯಾವುದೋ ಕಂಚಿನ ಗೊಂಬೆ. ನಿನಗೇನು, ನನಗೇನು?

ಬರೀ ಬಾಯಿಮಾತಿನವರಾ ಎಂದು ಕೇಳಿದ್ದೀಯ. ಇದನ್ನು ಬರೆಯದೆ ನಿನ್ನನ್ನು ಒಪ್ಪಿಸಲು ಆಗುವುದಿಲ್ಲ ಎಂದು ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಬೋರ್ಡ್ ಮಾಮ ಏಣಿಯಿಂದ ಬಿದ್ದರೆಂದು ಎಲ್ಲರೂ ಹೇಳಿದರು. ಅವರೂ ಹಾಗೇ ಹೇಳಿದರು. ಬಿದ್ದದ್ದಲ್ಲ. ಮೊದಲ ಭಾಗದ ನೂರನೇ ದಿನ ಹೌಸ್‌ಫುಲ್ ಬೋರ್ಡು ನೇತುಹಾಕಿ ಎಂದು ಸಂಘದಿಂದ ಹೇಳಿದೆವು. ಒಳಗೆ ಅರ್ಧ ಖಾಲಿ ಇತ್ತು. ‘ಖಾಲಿ ಇದ್ರೆ ನಾನು ಹಾಕಲ್ಲ, ಬೋರ್ಡು ನನ್ನ ಕೈಬರಹ’ ಎಂದರು. ಅವರು ಬೋರ್ಡು ಬರೆಯುವ ಬಣ್ಣದ ಕೋಣೆಯೊಳಗೆ ಮೂರು ಜನ ಹೋದರು. ನಾಲ್ಕನೆಯವನು ಹೊರಗೆ ನಿಂತು ಬಾಗಿಲು ಎಳೆದು ಹಿಡಿದುಕೊಂಡ. ಒಳಗಿನಿಂದ ಮಾಮ ಬಾಗಿಲು ಬಡಿಯುತ್ತಿದ್ದರು. ಆ ಬಡಿತ ಹಿಡಿಕೆಯಿಂದ ಅಂಗೈಗೆ ಬರುತ್ತಿತ್ತು. ಆಮೇಲೆ ಬಡಿಯುವುದು ನಿಂತಿತು.

ನಾಲ್ಕನೆಯವನು ನಾನು.

ಹದಿನೈದು ದಿನಕ್ಕೆ ಈ ಕೆಲಸ ಹುಡುಕಿಕೊಂಡು ಬಂದೆ. ಸಂಬಳಕ್ಕೆ ಎಂದು ಅಮ್ಮನಿಗೆ ಹೇಳಿದೆ.

ಈಗ ಗೊತ್ತಾಯಿತಲ್ಲ. ಸಹಿ ಹಾಕು. ನಿನಗೆ ಕೈ ಮುಗಿಯುತ್ತೇನೆ.

ಅಣ್ಣ


ಫೆಬ್ರವರಿ 19, ಗುರುವಾರ

ಅಣ್ಣಾ,

ಮೂರು ಕಾಗದ ಬರೆದು ಹರಿದೆ. ಒಂದರಲ್ಲಿ ಬರೀ ಬೈಗುಳ ಇತ್ತು. ಇನ್ನೊಂದರಲ್ಲಿ ನನಗೆ ಜ್ವರ ಬಂದಾಗ ನೀನು ನನ್ನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ್ದು ಇತ್ತು. ಯಾವುದನ್ನೂ ಕಳಿಸಲಾಗಲಿಲ್ಲ.

ಬೋರ್ಡ್ ಮಾಮ ದಿನಾ ತಮ್ಮ ಡಬ್ಬಿಯಿಂದ ನನಗೆ ಅರ್ಧ ರೊಟ್ಟಿ ಕೊಡುತ್ತಾರೆ. ನಿನ್ನೆ ಹೊಟ್ಟೆ ಸರಿಯಿಲ್ಲ ಎಂದೆ. ಅದು ಸುಳ್ಳು. ನಿನ್ನಿಂದಾಗಿ ನಾನು ಹೇಳಿದ ಮೊದಲ ಸುಳ್ಳು.

ಹೆದರಿಸಲೆಂದು ನೀನು ಬರೆದೆ, ನಾನು ಹೆದರಿದ್ದೇನೆ. ಬಾಗಿಲು ಶಬ್ದ ಮಾಡಿದರೆ ಸಾಕು, ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತೇನೆ. ಸಂಘದವರು ಅಮ್ಮನ ಪಾಳಿ ವಿಚಾರಿಸಿದ್ದನ್ನು ಅಮ್ಮನಿಗೆ ಹೇಳಿದೆ. ಅಳುತ್ತಾಳೆಂದುಕೊಂಡಿದ್ದೆ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಪೂರ್ತಿ ಮಡಚಿ ಇಟ್ಟಳು. ‘ಸಹಿ ಹಾಕು ಅಂತಾನೂ ಹೇಳಲ್ಲ, ಹಾಕ್ಬೇಡ ಅಂತಾನೂ ಹೇಳಲ್ಲ. ಹಾಕೋಳು ನೀನು. ನಾಳೆಯಿಂದ ಹತ್ತರ ಪಾಳಿ ಕೇಳ್ತೀನಿ, ಇಬ್ರೂ ಒಟ್ಟಿಗೆ ಹೋಗೋಣ’ ಎಂದಳು. ದಾರಿಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡೇ ನಡೆಯುತ್ತಾಳೆ. ಅವಳಿಗೂ ಭಯ, ಬೆರಳು ತಣ್ಣಗಿರುತ್ತವೆ.

ನಿನ್ನ ವಿಷಯ ಹೇಳಿಲ್ಲ. ಕೇಳಿದರೆ ಹೇಳುತ್ತೇನೆ. ಕೇಳದಿರಲಿ.

ಚೂಟಿ


ಫೆಬ್ರವರಿ 24, ಮಂಗಳವಾರ

ಅಣ್ಣಾ,

ನಿನ್ನೆ ಎಣಿಕೆ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮ್ಯಾನೇಜರ್ ಬೆಳಿಗ್ಗೆಯೇ ಹೊಟ್ಟೆನೋವು ಎಂದು ಮನೆಗೆ ಹೋದರು. ನನ್ನ ಸಹಿಯ ಜೊತೆಗೆ ಅವರ ಜಾಗದಲ್ಲಿ ಟಾಕೀಸಿನ ಇನ್ನೊಬ್ಬರು ಸಾಕ್ಷಿಯ ಸಹಿ ಹಾಕಬೇಕು. ಟಿಕೆಟ್ ಕೌಂಟರಿನವರು ಒಲ್ಲೆ ಎಂದರು, ಪ್ರೊಜೆಕ್ಟರಿನವರು ಫೋನ್ ಬಂದವರಂತೆ ಹೊರಗೆ ಹೋದರು. ಉಳಿದವರು ಬೋರ್ಡ್ ಮಾಮ.

ಬಣ್ಣದ ಕೋಣೆಗೆ ಹೋದೆ. ಬಾಗಿಲ ಬಳಿಯೇ ಕಾಲು ನಿಂತುಬಿಟ್ಟಿತು. ವಿಷಯ ಮುಚ್ಚಿಟ್ಟು ಅವರ ಕೈಯಿಂದ ಸಾಕ್ಷಿ ಹಾಕಿಸಿಕೊಂಡರೆ ನಾನೂ ಇನ್ನೊಂದು ಬಾಗಿಲು ಹಿಡಿದ ಹಾಗೆಯೇ ಅಲ್ಲವೇ? ಹೇಳಿಬಿಟ್ಟೆ. ‘ಮಾಮ, ಅವತ್ತು ಈ ಬಾಗ್ಲು ಹಿಡ್ಕೊಂಡಿದ್ದೋನು ನಮ್ಮಣ್ಣ.’

ಅವರು ಕುಂಚ ತೊಳೆಯುತ್ತಿದ್ದರು. ತೊಳೆಯುತ್ತಲೇ ಇದ್ದರು.

‘ಗೊತ್ತು’ ಎಂದರು. ‘ಬಾಗ್ಲ ಕೆಳಗೆ ಚಪ್ಪಲಿ ಕಾಣ್ತಿತ್ತು. ಒಂದರ ಬಾರು ಹಳದಿ, ಇನ್ನೊಂದರದ್ದು ಕಪ್ಪು. ಅಂಥ ಚಪ್ಪಲಿ ಹಾಕ್ಕೊಂಡು ಈ ಟಾಕೀಸಿಗೆ ಬರ್ತಿದ್ದೋನು ಒಬ್ನೇ.’

‘ಯಾಕೆ ಯಾರಿಗೂ ಹೇಳ್ಲಿಲ್ಲ?’

‘ಭಯ ಆಯ್ತು, ಅದಕ್ಕೆ.’ ಕುಂಚವನ್ನು ಬಟ್ಟೆಯಲ್ಲಿ ಒತ್ತಿ ಒರೆಸಿದರು. ‘ಈಗ್ಲೂ ಆಗತ್ತೆ. ನಡಿ, ಎಲ್ಲಿ ಹಾಕ್ಬೇಕು?’

ಆಫೀಸಿನ ಬಾಗಿಲಲ್ಲಿ ಅಧ್ಯಕ್ಷ, ಜೊತೆಗೆ ಇಬ್ಬರು. ಅವರಲ್ಲಿ ಒಬ್ಬ ಬಿಳಿ ಶರ್ಟಿನವನು. ನಾನು ನೆಲದ ಮೇಲೆ ಕೂತು ಟಿಕೆಟ್ಟುಗಳನ್ನು ಎರಡು ಗುಡ್ಡೆ ಮಾಡಿದೆ. ಎಷ್ಟು ಸಲ ಲೆಕ್ಕ ತಪ್ಪಿತೋ. ಕೊನೆಗೆ ನಾನು ಹರಿದವು ನೂರ ಹದಿನೆಂಟು, ನಾನು ಹರಿಯದವು ನಾನೂರ ಹನ್ನೆರಡು. ಹಾಳೆಯಲ್ಲಿ ‘ಎಲ್ಲವೂ ಗೇಟಿನಲ್ಲಿ ಹರಿದವು’ ಎಂದು ಮುದ್ರಿಸಿದ್ದ ಸಾಲನ್ನು ಹೊಡೆದುಹಾಕಿ ಅದನ್ನೇ ಬರೆದೆ. ನನ್ನ ಸಹಿ ಎಲೆಯ ಮೇಲೆ ಹುಳ ಹರಿದ ಹಾಗೆ ಬಂತು. ಮಾಮನ ಸಹಿ ಮಾತ್ರ ಬೋರ್ಡಿನ ಅಕ್ಷರದ ಹಾಗೆ ದುಂಡಗೆ.

ಇನ್ನೊಂದನ್ನೂ ಬರೆಯದಿದ್ದರೆ ನಿನಗೆ ಪೂರ್ತಿ ನಿಜ ಹೇಳಿದಂತಾಗುವುದಿಲ್ಲ. ನಾನು ಹರಿದ ನೂರ ಹದಿನೆಂಟರಲ್ಲಿ ಎಪ್ಪತ್ತೊಂದು ಎರಡನೇ ಭಾಗಕ್ಕೇ ಬಿದ್ದಿದ್ದವು. ಬಸ್ಸಿನ ಹೆಂಗಸಿಗೆ ನಲವತ್ತೇಳು. ಅವರು ಏನೂ ಮಾಡದೆ ಸುಮ್ಮನಿದ್ದರೂ ಇಲ್ಲಿ ಗೆಲ್ಲುತ್ತಿದ್ದರು. ಚೆನ್ನಾಗಿಲ್ಲವೆಂದು ನನಗನಿಸಿದ್ದು ನನಗೆ ಮಾತ್ರ, ಜನಕ್ಕೆ ಹಿಡಿಸಿದೆ. ಅದನ್ನೂ ಬರೆದಿಟ್ಟೆ.

ಅಧ್ಯಕ್ಷ ಹಾಳೆಯನ್ನು ಎರಡು ಸಲ ಓದಿದ. ಆ ಎಪ್ಪತ್ತೊಂದರ ಮೇಲೆ ಅವನ ಬೆರಳು ಸ್ವಲ್ಪ ಹೊತ್ತು ನಿಂತಿತು. ನೀಟಾಗಿ ಮಡಚಿ ನನ್ನ ಕೈಗೇ ವಾಪಸ್ ಕೊಟ್ಟು, ‘ಸರಿ’ ಎಂದ. ಅಷ್ಟೇ. ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಇಡೀ ದಿನ ಆ ‘ಸರಿ’ ಕಿವಿಯಲ್ಲಿ ಕೂತಿತ್ತು.

ಪ್ರಶಸ್ತಿ ಕೊಡುವವರ ವಿಳಾಸಕ್ಕೆ ಹಾಳೆಯನ್ನು ಅಮ್ಮ, ಮಾಮ, ನಾನು ಮೂವರೂ ಹೋಗಿ ಅಂಚೆಗೆ ಹಾಕಿ ಬಂದೆವು.

ಚೂಟಿ


ಮಾರ್ಚ್ 10, ಮಂಗಳವಾರ

ಅಣ್ಣಾ,

ಎರಡು ಗಾಡಿ ಬಂದುಹೋದವು. ನಿನ್ನ ಕಾಗದ ಇಲ್ಲ. ಬದುಕಿದ್ದೀಯಾ? ಕೋಪವಾ? ಕೋಪವಾದರೆ ಹಾಗೆಂದು ಬರೆ.

ಪ್ರಶಸ್ತಿ ಎರಡನೇ ಭಾಗಕ್ಕೇ ಬಂತು. ನಮ್ಮ ಟಾಕೀಸಿನ ಪೆಟ್ಟಿಗೆಯನ್ನೇ ರದ್ದು ಮಾಡಿದರಂತೆ, ನಿಜವಾದ ನೂರ ಹದಿನೆಂಟನ್ನೂ ಸೇರಿಸಿ. ಉಳಿದ ಟಾಕೀಸುಗಳಲ್ಲಿ ಎಲ್ಲವೂ ಸರಿಯಾಗಿತ್ತಂತೆ. ಧಣಿ ವೇದಿಕೆಯ ಮೇಲೆ ನಿಂತು, ಇದು ಜನರ ಪ್ರೀತಿ ಎಂದ. ಅವನ ದನಿ ನಿಜವಾಗಿಯೂ ನಡುಗುತ್ತಿತ್ತು. ಇವೆಲ್ಲ ಅವನಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದೆಯೋ ಏನೋ.

ಇಲ್ಲಿ ಬಣ್ಣದ ಕೋಣೆಯ ಕಿಟಕಿ ಒಡೆದಿದ್ದಾರೆ, ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದಿದ್ದಾರೆ. ಮ್ಯಾನೇಜರ್ ನನ್ನನ್ನು ಗೇಟಿನಿಂದ ತೆಗೆದು ಒಳಗೆ ಕುರ್ಚಿ ಒರೆಸಲು ಹಾಕಿದ್ದಾರೆ. ಕೆಲಸದಿಂದ ತೆಗೆಯಲಿಲ್ಲ, ಅದೇ ಆಶ್ಚರ್ಯ. ನನಗೆ ಇನ್ನೂ ಏನೂ ಆಗಿಲ್ಲ. ಆ ‘ಇನ್ನೂ’ ಇದೆಯಲ್ಲ, ಅದರ ಜೊತೆಗೇ ಏಳುತ್ತೇನೆ, ಅದರ ಜೊತೆಗೇ ಬಸ್ ಹತ್ತುತ್ತೇನೆ. ಅಂಗಡಿಯವನು ಚಿಲ್ಲರೆ ಕೊಡಲು ಕೈ ಚಾಚಿದರೂ ಹಿಂದಕ್ಕೆ ಸರಿಯುತ್ತೇನೆ. ಮತ್ತೊಮ್ಮೆ ಎಣಿಸು ಎಂದರೆ ಹಾಗೇ ಎಣಿಸುತ್ತೇನೆ, ಆದರೆ ದಯವಿಟ್ಟು ಯಾರೂ ಎಣಿಸು ಎನ್ನದಿರಲಿ.

ನಿನ್ನ ವಿಷಯ ಅಮ್ಮ ಕೇಳಿದಳು. ಹೇಳಿದೆ. ಅವಳು ಎರಡು ದಿನ ನಿನ್ನ ಹೆಸರೆತ್ತಲಿಲ್ಲ. ಮೂರನೇ ದಿನ, ಅಲ್ಲಿ ಚಳಿ ಹೇಗಿದೆಯಂತೆ ಎಂದು ಕೇಳಿದಳು.

ಮಾಮನೂ ಒಂದು ಮಾತು ಕೇಳಿದರು: ‘ನಿಮ್ಮಣ್ಣ ಯಾವಾಗ ಬರ್ತಾನೆ?’ ಯಾಕೆ ಕೇಳಿದರೋ ಗೊತ್ತಾಗಲಿಲ್ಲ. ಮುಖದಲ್ಲಿ ಕೋಪ ಇರಲಿಲ್ಲ. ಇರಲಿಲ್ಲ ಎಂದುಕೊಂಡಿದ್ದೇನೆ.

ಚೂಟಿ


ಮಾರ್ಚ್ 14, ಶನಿವಾರ

ಚೂಟಿ,

ಕೋಪವಲ್ಲ. ನಿನ್ನ ಎಣಿಕೆಯ ಕಾಗದ ಬಂದ ದಿನದಿಂದ ಪೆನ್ನು ಹಿಡಿದರೆ ಏನು ಬರೆಯುವುದೆಂದು ತೋಚಲಿಲ್ಲ. ಮಾಮನಿಗೆ ಗೊತ್ತಿತ್ತು ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಆ ಘಟನೆಯಾದ ಮಾರನೆಯ ದಿನವೇ ಅವರು ಆಸ್ಪತ್ರೆಯ ಮುಂದೆ ಸಿಕ್ಕಿದ್ದರು. ಕೈಗೆ ಬ್ಯಾಂಡೇಜು. ನಾನು ಹೇಗಾಯಿತು ಮಾಮ ಎಂದು ಕೇಳಿದೆ. ಕೇಳುವಷ್ಟು ಧೈರ್ಯ ಎಲ್ಲಿಂದ ಬಂತೋ. ‘ಏಣಿಯಿಂದ ಬಿದ್ದೆ ಕಣಪ್ಪ’ ಎಂದು ನನ್ನ ಮುಖಕ್ಕೇ ಹೇಳಿದರು. ನಾನು ಬಚಾವಾದೆ ಎಂದುಕೊಂಡು ಮನೆಗೆ ಬಂದು ಊಟ ಮಾಡಿ ಮಲಗಿದೆ. ಇಷ್ಟು ದಿನ ಸುರಂಗದಲ್ಲಿ ಅಡಗಿದ್ದು ಅವರಿಗೆ ಗೊತ್ತಾಗಬಾರದೆಂದು. ಅವರಿಗೆ ಮೊದಲ ದಿನವೇ ಗೊತ್ತಿತ್ತು.

ಮೇಸ್ತ್ರಿಗೆ ಹೇಳಿ ಲೆಕ್ಕ ತೀರಿಸಿಕೊಂಡಿದ್ದೇನೆ. ಬರುವ ಶನಿವಾರ ಸಾಮಾನಿನ ಗಾಡಿಯಲ್ಲಿ ಹೊರಟರೆ ಭಾನುವಾರ ಬೆಳಿಗ್ಗೆ ಊರು ಸೇರುತ್ತೇನೆ. ಒಳಗೆ ಹೋದ ಆ ಮೂವರ ಹೆಸರು, ಕಳಿಸಿದವನ ಹೆಸರು, ನನ್ನ ಹೆಸರು ಎಲ್ಲ ಬರೆದು ಇಟ್ಟುಕೊಂಡಿದ್ದೇನೆ. ಅದನ್ನು ಯಾರ ಕೈಗೆ ಕೊಡಬೇಕೆಂದು ಮಾಮ ಹೇಳಲಿ. ಪೊಲೀಸರಿಗೆ ಎಂದರೆ ಅವರಿಗೆ. ಹರಿದು ಹಾಕು ಎಂದರೆ ಏನು ಮಾಡುವುದೋ, ಅದು ಗೊತ್ತಿಲ್ಲ.

ಬಂದವನು ನೇರ ನಮ್ಮ ಮನೆಗೆ ಬರುವುದಿಲ್ಲ, ಮೊದಲು ಮಾಮನ ಮನೆಗೆ ಹೋಗುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ನನಗಾಗಿ ನಿಂತಿರುತ್ತೀಯಾ? ಒಬ್ಬನೇ ಹೋಗಲು ಭಯ. ನೀನು ಏನೂ ಮಾತಾಡಬೇಡ, ನನ್ನ ಪರವಾಗಿ ಒಂದು ಮಾತೂ ಬೇಡ. ಪಕ್ಕದಲ್ಲಿ ನಡೆದು ಬಂದರೆ ಸಾಕು. ದಾರಿಯಲ್ಲಿ ನಾನು ವಾಪಸ್ ತಿರುಗಿದರೆ ಬಿಡಬೇಡ.

ನಿನ್ನ,
ಅಣ್ಣ